ಹಿಂದಿನ ಸೀಟಿನ ತಲೆ

ನಮ್ಮ ಮನೆಯಲ್ಲಿ ಎರಡು ಹೆಲ್ಮೆಟ್ ಇದ್ದವು. ಒಂದು ನಮ್ಮನೆಯವರದ್ದು. ಮುಖ ಪೂರ್ತಿ ಮುಚ್ಚುವಂಥದ್ದು. ಎರಡು ತಿಂಗಳು ಯೂಟ್ಯೂಬ್ ನೋಡಿ, ನಾಲ್ಕು ಅಂಗಡಿ ಸುತ್ತಿ, ಮೂರೂವರೆ ಸಾವಿರ ಕೊಟ್ಟು ತಂದದ್ದು. ಅದಕ್ಕೊಂದು ಬಟ್ಟೆಯ ಚೀಲ, ಶೋಕೇಸ್ ಮೇಲೊಂದು ಜಾಗ. ಇನ್ನೊಂದು ನನ್ನದು. ನನ್ನದು ಅಂತಲೂ ಹೇಳುವ ಹಾಗಿಲ್ಲ, ಅದರ ಹೆಸರು "ಹಿಂದೆ ಕೂರೋರದ್ದು". ನಾನು ಕೂತರೆ ನನಗೆ, ಅಮ್ಮ ಕೂತರೆ ಅಮ್ಮನಿಗೆ. ಮಾರ್ಕೆಟ್‌ನಿಂದ ಬರುವಾಗ ಕೊತ್ತಂಬರಿ ಸೊಪ್ಪಿಗೆ.

ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಅಂತ ಆದೇಶ ಬಂದದ್ದು 2016ರ ಜನವರಿಯಲ್ಲಿ. ನೆನಪಿದೆಯಾ? ಫುಟ್‌ಪಾತ್ ಮೇಲೆ ಕಲ್ಲಂಗಡಿ ರಾಶಿ ಹಾಕಿದ ಹಾಗೆ ಹೆಲ್ಮೆಟ್ ರಾಶಿ. ನಮ್ಮನೆಯವರು ಆಫೀಸಿನಿಂದ ಬರುತ್ತಾ, ಗಾಡಿ ಕೂಡ ಆಫ್ ಮಾಡದೆ, 250 ರೂಪಾಯಿ ಕೊಟ್ಟು ಒಂದು ಎತ್ತಿಕೊಂಡು ಬಂದರು. "ಸೈಜ್ ನೋಡಿದ್ರಾ?" ಅಂದೆ. "ಎಲ್ಲರಿಗೂ ಆಗುತ್ತಂತೆ" ಅಂದರು. ಹೆಲ್ಮೆಟ್ ಕೊಳ್ಳುವ ಹೊತ್ತಿಗೆ ಅದು ಕೂರಬೇಕಾದ ತಲೆ ಮನೆಯಲ್ಲಿ ಅಕ್ಕಿ ಆರಿಸುತ್ತಿತ್ತು.

ಅರ್ಧ ಹೆಲ್ಮೆಟ್ ಅದು. ಕಿವಿ ಮೇಲೆ ನಿಲ್ಲುವ ಚಿಪ್ಪು. ಒಳಗೆ ತೆಳ್ಳಗೆ ಒಂದು ಸ್ಪಂಜು. ನಾನು ಎಡಕ್ಕೆ ತಿರುಗಿದರೆ ಹೆಲ್ಮೆಟ್ ಮಾತ್ರ ಮುಂದಕ್ಕೇ ನೋಡುತ್ತಿತ್ತು. ಸಿಗ್ನಲ್‌ನಲ್ಲಿ ಪೊಲೀಸ್ ಕಂಡಾಗ ಪಟ್ಟಿ ಸಿಕ್ಕಿಸಿಕೊಳ್ಳುವುದು, ದಾಟಿದ ಮೇಲೆ ಬಿಚ್ಚುವುದು. ಸುಮ್ನೆ ಹೇಳುತ್ತಿಲ್ಲ, ಮೂರು ವರ್ಷ ಹೀಗೇ ಓಡಾಡಿದೆ.

ಬಿದ್ದದ್ದು ಹೈವೇಯಲ್ಲಲ್ಲ. ನಮ್ಮ ರಸ್ತೆಯ ತಿರುವಿನ ಹಂಪ್ ಹತ್ತಿರ. ನಾಯಿ ಅಡ್ಡ ಬಂತು, ಇವರು ಬ್ರೇಕ್ ಹಾಕಿದರು, ಗಾಡಿ ವಾಲಿತು. ನಾನು ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತಿದ್ದೆ. ಹಿಂದಕ್ಕೆ ಬಿದ್ದೆ. ನನಗಿಂತ ಮೊದಲು ಹೆಲ್ಮೆಟ್ ಬಿತ್ತು. ಅದು ಮೋರಿ ಕಡೆ ಉರುಳಿಕೊಂಡು ಹೋದದ್ದನ್ನು ನೋಡಿದೆ, ಆಮೇಲೆ ನನ್ನ ತಲೆಯ ಹಿಂಭಾಗ ರಸ್ತೆಗೆ ಬಡಿಯಿತು. ಐದು ಹೊಲಿಗೆ. ಎರಡು ದಿನ ವಾಂತಿ, ಒಂದು ಸ್ಕ್ಯಾನ್. ಏನೂ ಆಗಲಿಲ್ಲ ಅನ್ನುವುದು ದೊಡ್ಡ ಮಾತು. ಇವರಿಗೆ ಮೊಣಕೈ ತರಚಿತ್ತು, ಅಷ್ಟೇ. ಮೂರೂವರೆ ಸಾವಿರದ ಹೆಲ್ಮೆಟ್‌ಗೆ ಒಂದು ಗೀರೂ ಇಲ್ಲ.

"ಅಷ್ಟು ನಿಧಾನಕ್ಕೆ ಹೋಗ್ತಿದ್ವಲ್ಲ" ಅಂತ ಇವರು ಹತ್ತು ಸಲ ಹೇಳಿದರು. ನಿಧಾನ ಅನ್ನುವುದು ಗಾಡಿಯ ಲೆಕ್ಕ. ತಲೆಯ ಲೆಕ್ಕ ಬೇರೆ. ಗಾಡಿ ಮೇಲೆ ಕೂತಾಗ ತಲೆ ನೆಲದಿಂದ ಹೆಚ್ಚುಕಡಿಮೆ ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಏನೇ ಬಿದ್ದರೂ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 19-20 ಕಿ.ಮೀ. ಆಗಿರುತ್ತದೆ. ಹೈಸ್ಕೂಲಿನ ಭೌತಶಾಸ್ತ್ರ, ಬೇಕಾದರೆ ಮಕ್ಕಳ ಕೈಲಿ ಲೆಕ್ಕ ಹಾಕಿಸಿ. ಗಾಡಿ ನಿಂತೇ ಇದ್ದರೂ ಇಷ್ಟೇ. ಯುರೋಪಿನ ಹೆಲ್ಮೆಟ್ ಪರೀಕ್ಷೆಯಲ್ಲಿ ಹೆಲ್ಮೆಟ್ ಹಾಕಿದ ಗೊಂಬೆ ತಲೆಯನ್ನು ಕಬ್ಬಿಣದ ಮೇಲೆ ಬಡಿಯುವುದು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 27 ಕಿ.ಮೀ. ಎರಡರ ನಡುವೆ ಅಂತರ ಎಷ್ಟು ಕಡಿಮೆ ನೋಡಿ. "ಇಲ್ಲೇ ಹಾಲು ತರೋಕೆ" ಅನ್ನುವವರಿಗೆ ಈ ಲೆಕ್ಕ ಹೇಳುತ್ತಿರುತ್ತೇನೆ. ಬೋರ್ ಹೊಡೆಸುತ್ತೇನೆ ಅಂತ ಗೊತ್ತು.

ಹೆಲ್ಮೆಟ್‌ನಲ್ಲಿ ನಿಜವಾಗಿ ಕೆಲಸ ಮಾಡುವುದು ಹೊರಗಿನ ಗಟ್ಟಿ ಚಿಪ್ಪಲ್ಲ. ಒಳಗಿನ ಥರ್ಮಾಕೋಲ್. ಹೌದು, ಟಿವಿ ಡಬ್ಬದಲ್ಲಿ ಬರುತ್ತದಲ್ಲ, ಅದೇ ಜಾತಿ, ಇನ್ನೂ ಒತ್ತಾಗಿರುತ್ತದೆ. ತಲೆ ನೆಲಕ್ಕೆ ಬಡಿದಾಗ ಅದು ಅಪ್ಪಚ್ಚಿಯಾಗಿ, ಏಟು ಒಂದೇ ಸಲಕ್ಕೆ ತಾಗದಂತೆ ಕಣ್ಣೆವೆ ಮುಚ್ಚುವಷ್ಟೂ ಅಲ್ಲದ ಒಂಚೂರು ಸಮಯ ಕೊಡುತ್ತದೆ. ಮಿದುಳಿಗೆ ಆ ಒಂಚೂರೇ ಬೇಕಿರುವುದು. ಒಮ್ಮೆ ಅಪ್ಪಚ್ಚಿಯಾದದ್ದು ಮತ್ತೆ ಉಬ್ಬುವುದಿಲ್ಲ. ಅದಕ್ಕೇ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕಬಾರದು. ನನ್ನ 250 ರೂಪಾಯಿಯದನ್ನು ಆಮೇಲೆ ಬಿಚ್ಚಿ ನೋಡಿದೆ. ಸ್ಪಂಜು ಕಿತ್ತರೆ ನೇರವಾಗಿ ಪ್ಲಾಸ್ಟಿಕ್. ಥರ್ಮಾಕೋಲ್ ಇರಲೇ ಇಲ್ಲ. ಹಿಂದೆ ಐಎಸ್‌ಐ ಸ್ಟಿಕ್ಕರ್ ಮಾತ್ರ ನೀಟಾಗಿತ್ತು.

ಆ ಸ್ಟಿಕ್ಕರ್ ಬಗ್ಗೆ ಸ್ವಲ್ಪ. ನಮ್ಮ ದೇಶದಲ್ಲಿ ಟೂ ವೀಲರ್ ಹೆಲ್ಮೆಟ್‌ಗೆ ಇರುವ ಮಾನದಂಡದ ಹೆಸರು ಐಎಸ್ 4151. 2021ರ ಜೂನ್ 1ರಿಂದ ಅದರ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ತಪ್ಪು, ಮಾರುವುದೂ ತಪ್ಪು. ಗುರುತಿನ ಜೊತೆಗೆ ಸಿಎಂ/ಎಲ್ ಅಂತ ಶುರುವಾಗುವ ಒಂದು ನಂಬರ್ ಇರಬೇಕು. ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ವಸ್ತು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ. ನನ್ನ ಹಳೇ ಚಿಪ್ಪಿನ ಮೇಲೆ ನಂಬರ್ರೇ ಇರಲಿಲ್ಲ. ಎರಡು ನಿಮಿಷದ ಕೆಲಸ, ಅಂಗಡಿಯಲ್ಲೇ ಮಾಡಿ. ಅಂಗಡಿಯವರು ಮುಖ ಗಂಟು ಹಾಕಿಕೊಂಡರೆ ಅದೂ ಒಂದು ಉತ್ತರವೇ.

ಹೊಲಿಗೆ ಬಿಚ್ಚಿದ ಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಈ ಸಲ ತಲೆಯನ್ನೂ ಕರೆದುಕೊಂಡು. ಮೊದಲ ಅಂಗಡಿಯ ಹುಡುಗ ನನ್ನ ಮುಖ ನೋಡಿದವನೇ ಗುಲಾಬಿ ಬಣ್ಣದ ಅರ್ಧ ಹೆಲ್ಮೆಟ್ ತೆಗೆದಿಟ್ಟ. "ಲೇಡೀಸ್ ಮಾಡೆಲ್ ಮೇಡಂ, ಲೈಟ್ ವೆಯ್ಟ್." ಲೇಡೀಸ್‌ಗೆ ತಲೆಯ ಹಿಂಭಾಗ ಇರಲ್ವಾ ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ. ಹಿಂದೆ ಕೂರುವವರು, ಅದರಲ್ಲೂ ಒಂದೇ ಕಡೆ ಕೂರುವವರು ಹಿಡಿತ ತಪ್ಪಿದರೆ ಹಿಂದಕ್ಕೇ ಬೀಳುವುದು ಜಾಸ್ತಿ. ಅರ್ಧ ಹೆಲ್ಮೆಟ್ ಬಿಟ್ಟುಬಿಡುವುದು ಸರಿಯಾಗಿ ಆ ಜಾಗವನ್ನೇ. ಹೀಗಿದ್ದೂ ಅದನ್ನೇ ನಮಗೆ ಅಂತ ಮಾಡಿ, ಹೂವಿನ ಚಿತ್ರ ಬರೆದು ಮಾರುತ್ತಾರೆ.

ಎರಡನೇ ಅಂಗಡಿಯ ಯಜಮಾನರು ಮಾತಾಡುವ ಮೊದಲು ಟೇಪ್ ತೆಗೆದರು. ಟೈಲರ್ ಟೇಪ್. ಹುಬ್ಬಿನಿಂದ ಒಂದು ಬೆರಳು ಮೇಲೆ, ಹಿಂದೆ ತಲೆ ಉಬ್ಬಿರುವ ಕಡೆ ಸುತ್ತಿ ಅಳೆದರು. 54 ಸೆಂ.ಮೀ. "ನಿಮ್ಮದು ಚಿಕ್ಕ ತಲೆಯಮ್ಮ. ನಿಮ್ಮ ಸೈಜನ್ನ ಅಂಗಡಿಗಳಲ್ಲಿ ಇಡೋದೇ ಇಲ್ಲ, ಒಳಗಿಂದ ತರಿಸಬೇಕು" ಅಂದರು. ನಲವತ್ತು ದಾಟಿದ ಮೇಲೆ ನನ್ನ ತಲೆಯ ಅಳತೆ ಗೊತ್ತಾಯಿತು. ಚಪ್ಪಲಿ ಸೈಜ್ ಗೊತ್ತಿತ್ತು, ರವಿಕೆ ಅಳತೆ ಗೊತ್ತಿತ್ತು, ತಲೆಯದು ಯಾರೂ ಕೇಳಿರಲಿಲ್ಲ.

ಒಳಗಿಂದ ತರಿಸಿದ್ದನ್ನು ಹಾಕಿಕೊಂಡರೆ ಕೆನ್ನೆ ಎರಡೂ ಒತ್ತಿ, ಬಾಯಲ್ಲಿ ಎರಡು ಲಾಡು ಇಟ್ಟುಕೊಂಡ ಹಾಗಾಯಿತು. "ತುಂಬಾ ಟೈಟು" ಅಂದೆ. ಅವರು ಒಪ್ಪಲಿಲ್ಲ. ಗಲ್ಲದ ಪಟ್ಟಿ ಹಾಕಿಸಿ, ಹಿಂದಿನಿಂದ ಹೆಲ್ಮೆಟ್ ಹಿಡಿದು ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ನೋಡಿದರು. ಬರಲಿಲ್ಲ. ಎಡಬಲಕ್ಕೆ ಅಲ್ಲಾಡಿಸಿದರು. ಹೆಲ್ಮೆಟ್ ಜೊತೆ ನನ್ನ ಕೆನ್ನೆ, ಹಣೆಯ ಚರ್ಮ ಎಲ್ಲಾ ತಿರುಗಿತು. "ಹೀಗಿರಬೇಕು. ಒಳಗಿನ ಮೆತ್ತೆ ತಿಂಗಳಲ್ಲಿ ಸಡಿಲ ಆಗುತ್ತೆ. ಇವತ್ತೇ ಸಡಿಲ ಇದ್ದರೆ ತಿಂಗಳಾದ ಮೇಲೆ ಬಕೆಟ್ಟು." ಆಮೇಲೆ ಸ್ಟೂಲ್ ಹಾಕಿ, ಹೆಲ್ಮೆಟ್ ಸಮೇತ ಕಾಲು ಗಂಟೆ ಕೂರಿಸಿದರು. ಕೆನ್ನೆ ಒತ್ತಿದರೆ ಪರವಾಗಿಲ್ಲ, ಹಣೆಯ ಒಂದೇ ಜಾಗದಲ್ಲಿ ನೋವು ಬಂದರೆ ಆಕಾರ ಹೊಂದುತ್ತಿಲ್ಲ ಅಂತ ಅರ್ಥವಂತೆ. ಸೈಜ್ ಸರಿ ಇದ್ದರೂ ಬೇರೆ ಮಾಡೆಲ್ ನೋಡಬೇಕು. ಮೊದಲನೆಯದು ನೋವಾಯಿತು. ಎರಡನೆಯದು ಕೂತಿತು. ಕಾಲು ಗಂಟೆ ಹೆಲ್ಮೆಟ್ ಹಾಕಿಕೊಂಡು ಜೆ.ಸಿ. ರಸ್ತೆಯನ್ನು ನೋಡುತ್ತಾ ಸ್ಟೂಲ್ ಮೇಲೆ ಕೂತ ಹೆಂಗಸನ್ನು ನೀವು ಯಾರಾದರೂ ಕಂಡಿದ್ದರೆ, ಅದು ನಾನೇ.

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ನನ್ನದು 1,600 ರೂಪಾಯಿ. ಬೆಲೆ ಜಾಸ್ತಿಯಾದಷ್ಟೂ ತಲೆ ಭದ್ರ ಅಂತೇನಿಲ್ಲ. ಬ್ರಿಟನ್ ಸರ್ಕಾರ ಶಾರ್ಪ್ ಅನ್ನುವ ಯೋಜನೆಯಲ್ಲಿ 2007ರಿಂದ ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ಒಂದರಿಂದ ಐದು ಸ್ಟಾರ್ ಕೊಡುತ್ತಿದೆ. ಅಗ್ಗದವಕ್ಕೆ ಐದು ಸ್ಟಾರ್ ಸಿಕ್ಕಿದ್ದೂ ಇದೆ, ದುಬಾರಿಯವು ಹಿಂದೆ ಬಿದ್ದದ್ದೂ ಇದೆ. ದಿನಾ ಉದ್ದ ರೈಡ್ ಹೋಗುವವರು ಯುರೋಪಿನ ಮಾನದಂಡವಾದ ಇಸಿಇ 22.06 ಗುರುತಿನದನ್ನು ನೋಡಲಿ. ಓರೆಯಾಗಿ ಬಿದ್ದಾಗ ತಲೆ ತಿರುಚುವ ಏಟನ್ನೂ ಅದರಲ್ಲಿ ಅಳೆಯುತ್ತಾರೆ. ಊರೊಳಗೆ ಓಡಾಡುವ ನಮ್ಮಂಥವರಿಗೆ ಅಸಲಿ ಐಎಸ್‌ಐ ಇದ್ದು ತಲೆಗೆ ಸರಿಯಾಗಿ ಕೂತರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹೆಲ್ಮೆಟ್ ತಯಾರಿಸುವ ವೇಗಾ ಕಂಪನಿ ಇರುವುದು ನಮ್ಮ ಬೆಳಗಾವಿಯಲ್ಲೇ ಅಂತ ನನಗೆ ಆವತ್ತೇ ಗೊತ್ತಾದದ್ದು. ಬಣ್ಣದ ವೈಸರ್ ಬೇಡ, ಸಂಜೆಯ ಮೇಲೆ ಹಂಪ್ ಕಾಣುವುದಿಲ್ಲ.

ಒಂದು ಲೆಕ್ಕ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ಹೆಲ್ಮೆಟ್ ಹಾಕದೆ ಸತ್ತವರು 50,029 ಜನ. ಅದರಲ್ಲಿ 14,337 ಜನ ಹಿಂದೆ ಕೂತವರು. ಗಾಡಿ ಓಡಿಸದವರು. ವೇಗ, ಬ್ರೇಕ್ ಯಾವುದೂ ಅವರ ಕೈಲಿರಲಿಲ್ಲ. ಅವರ ಮನೆಯಲ್ಲೂ ಒಂದು "ಹಿಂದೆ ಕೂರೋರದ್ದು" ಮೊಳೆಗೆ ನೇತಾಡುತ್ತಿತ್ತೇನೋ.

ಹೋದ ತಿಂಗಳು ಅಮ್ಮನನ್ನೂ ಅದೇ ಅಂಗಡಿಗೆ ಕರೆದುಕೊಂಡು ಹೋದೆ. "ನನಗ್ಯಾಕೆ, ನಿಂದೇ ಹಾಕ್ಕೋತೀನಿ ಬಿಡೇ" ಅಂತ ದಾರಿಯುದ್ದಕ್ಕೂ ಗೊಣಗಿದಳು. ಅಳೆದರೆ 57 ಸೆಂ.ಮೀ. ನನ್ನದು ಅವಳ ಕಿವಿ ದಾಟಿ ಇಳಿಯಲೇ ಇಲ್ಲ. ಇನ್ನೊಂದು ಸಮಸ್ಯೆ ತುರುಬು. ಅಮ್ಮ ಹಾಕುವುದು ಎತ್ತರಕ್ಕೆ, ಅದು ಹೆಲ್ಮೆಟ್‌ನ್ನು ಹಣೆಯ ಮೇಲೆ ದೂಡುತ್ತದೆ. ಅಂಗಡಿಯಲ್ಲೇ ತುರುಬು ಬಿಚ್ಚಿ ಜಡೆ ಹಾಕಿದೆ. ಮುಖ ಮುಚ್ಚುವುದನ್ನು ಹಾಕಿಸಿದರೆ ಉಸಿರು ಕಟ್ಟುತ್ತದೆ ಅಂದಳು, ಕನ್ನಡಕವೂ ಒಳಗೆ ಹೋಗಲೊಲ್ಲದು. ಕೊನೆಗೆ ಕಿವಿ, ಕತ್ತಿನವರೆಗೆ ಮುಚ್ಚಿ ಮುಖದ ಮುಂದೆ ವೈಸರ್ ಇರುವ ಓಪನ್ ಫೇಸ್ ತೆಗೆದುಕೊಂಡೆವು. ಗಲ್ಲಕ್ಕೆ ರಕ್ಷಣೆ ಇಲ್ಲ ಅಂತ ಕಾಮೆಂಟಿನಲ್ಲಿ ಬೈಯುವವರು ಬೈಯಿರಿ, ನೀವು ಹೇಳುವುದು ಸರಿ. ಆದರೆ ಅಮ್ಮ ಮನೆಯಲ್ಲೇ ಬಿಟ್ಟು ಬರುವ ಫುಲ್ ಫೇಸ್ ಇಟ್ಟುಕೊಂಡು ನಾನೇನು ಮಾಡಲಿ?

ಈಗ ಮನೆಯಲ್ಲಿ ಮೂರು ಹೆಲ್ಮೆಟ್. ಶೋಕೇಸ್ ಮೇಲೆ ಜಾಗ ಸಾಲದೆ ಇವರದ್ದು ಚಪ್ಪಲಿ ಸ್ಟ್ಯಾಂಡ್ ಮೇಲೆ ಬಂದಿದೆ. ಅಮ್ಮ ಶುಕ್ರವಾರ ದೇವಸ್ಥಾನಕ್ಕೆ ಹೊರಟರೆ ಮಲ್ಲಿಗೆ ದಂಡೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಳ್ಳುತ್ತಾಳೆ. ಗಾಡಿ ಇಳಿದು, ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟು, ಕನ್ನಡಿಗೆ ಬಗ್ಗಿ ಹೂವು ಮುಡಿಯುತ್ತಾಳೆ. ಹಿಂದಿನ ಗಾಡಿಯವರು ಹಾರನ್ ಹೊಡೆದರೆ ಹೊಡೆಯಲಿ.