ಆಡಿಟರ್‌ಗೆ ಸಿಕ್ಕ ಒಂದು ಸ್ಟಾರ್

ಕಳೆದ ವರ್ಷ ಮಾರ್ಚ್ ತಿಂಗಳ ಕೊನೆಯ ವಾರ, ಎಂದರೆ ನಮ್ಮ ವೃತ್ತಿಯವರು ಊಟ ನಿದ್ದೆ ಮರೆತು ಕೂತಿರುವ ದಿನಗಳಲ್ಲಿ, ನನ್ನ ಕಚೇರಿಯ ಗೂಗಲ್ ಪುಟದಲ್ಲಿ ಒಂದು ಸ್ಟಾರ್ ಕಾಣಿಸಿಕೊಂಡಿತು. ಅದರ ಕೆಳಗೆ ಎರಡೇ ವಾಕ್ಯ: ಕೆಲಸ ಹೊತ್ತಿಗೆ ಸರಿಯಾಗಿ ಮಾಡುವುದಿಲ್ಲ, ಇವರಿಂದಾಗಿ ದಂಡ ಕಟ್ಟಬೇಕಾಯಿತು. ಬರೆದವರ ಹೆಸರಿದ್ದ ಜಾಗದಲ್ಲಿ ಎರಡು ಇನಿಷಿಯಲ್ ಮಾತ್ರ ಇದ್ದರೂ ಅವರು ಯಾರೆಂದು ತಿಳಿಯಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ತಿಂಗಳ ತೆರಿಗೆಯ ಲೆಕ್ಕ ಒಪ್ಪಿಸುವ ಜಿಎಸ್‌ಟಿ ರಿಟರ್ನ್ 3ಬಿ ಸಲ್ಲಿಸಲು ಮುಂದಿನ ತಿಂಗಳ 20 ಕಡೆಯ ದಿನ. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಇಷ್ಟನ್ನು ಆ ಕಕ್ಷಿದಾರನಿಗೆ ಫೋನಿನಲ್ಲಿ, ಎದುರಿನಲ್ಲಿ, ಕೊನೆಗೆ ಅಂಗಡಿಯ ಹುಡುಗನ ಕೈಯಲ್ಲಿ ಹೇಳಿ ಕಳಿಸಿದರೂ ನಾಲ್ಕು ತಿಂಗಳು ಖರೀದಿ ಬಿಲ್ಲುಗಳು ನಮ್ಮ ಮೇಜಿಗೆ ಬಂದಿರಲಿಲ್ಲ.

ಇದನ್ನು ಅಲ್ಲಿಯೇ ಕೆಳಗೆ ಬರೆದುಬಿಡಿ ಎಂದು ಮಗ ಹೇಳಿದ. ಬರೆಯುವಂತಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೆಯ ಅನುಸೂಚಿಯ ಪ್ರಕಾರ, ವೃತ್ತಿಯ ಸಂಬಂಧದಲ್ಲಿ ತಿಳಿದ ಕಕ್ಷಿದಾರರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದು ವೃತ್ತಿ ದುರ್ನಡತೆಯಾಗುತ್ತದೆ. ಅದೇ ಕಾಯ್ದೆಯ ಮೊದಲನೆಯ ಅನುಸೂಚಿಯಂತೆ ನಾವು ಜಾಹೀರಾತು ಕೊಟ್ಟು ಕೆಲಸ ಕೇಳುವಂತೆಯೂ ಇಲ್ಲ. ಬೈಸಿಕೊಳ್ಳಬಹುದು, ಸಮರ್ಥಿಸಿಕೊಳ್ಳಬಾರದು, ಒಳ್ಳೆಯದನ್ನಾದರೂ ಡಂಗುರ ಸಾರಿ ಸರಿದೂಗಿಸೋಣವೆಂದರೆ ಅದಕ್ಕೂ ತಡೆ. (ಈ ಬರಹದಲ್ಲಿಯೂ ಆತನ ವ್ಯಾಪಾರ ಯಾವುದೆಂದು ಹೇಳಿಲ್ಲ, ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಊಹಿಸುವ ಶ್ರಮ ಬೇಡ.)

ನಾನು ಆರ್ಟಿಕಲ್‌ಶಿಪ್, ಎಂದರೆ ವೃತ್ತಿ ತರಬೇತಿ, ಮಾಡಿದ ಹಿರಿಯ ಆಡಿಟರ್ ದಾವಣಗೆರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದರು. ಅವರ ಕಚೇರಿಯ ಬೋರ್ಡು ಮೆಟ್ಟಿಲ ಕತ್ತಲೆಯಲ್ಲಿತ್ತು, ಓದಬೇಕಾದರೆ ಬಗ್ಗಬೇಕಿತ್ತು. ಅವರ ಹೆಸರು ಮಂಡಿಪೇಟೆಯ ವ್ಯಾಪಾರಿಗಳ ಗದ್ದಿಗೆಗಳ ಮೇಲೆ, ಚಹಾ ಕುಡಿಯುವ ಹೊತ್ತಿನ ಮಾತುಗಳಲ್ಲಿ ಓಡಾಡುತ್ತಿತ್ತು. ಅವರನ್ನೂ ಬೈಯುವವರಿದ್ದರು. ಆದರೆ ಬೈಗುಳ ಕೇಳಿಸಿಕೊಂಡವರು ಮೊದಲು ಬೈದವನನ್ನು ತೂಗುತ್ತಿದ್ದರು: ಅವನಾ ಹೇಳಿದ್ದು, ಉದ್ರಿ ತಂದು ಎರಡು ವರ್ಷ ಮುಖ ತೋರಿಸದವನು? ಅಲ್ಲಿಗೆ ಆ ಮಾತಿನ ಬೆಲೆ ಎಷ್ಟೆಂದು ತೀರ್ಮಾನವಾಗುತ್ತಿತ್ತು. ಒಬ್ಬ ಸಂಭಾವಿತ ವ್ಯಾಪಾರಿ ಏನೂ ಹೇಳದೆ ತನ್ನ ಲೆಕ್ಕದ ಪುಸ್ತಕಗಳನ್ನು ಬೇರೆ ಕಚೇರಿಗೆ ಒಯ್ದರೆ, ಆ ಮೌನಕ್ಕೆ ಹತ್ತು ಜನರ ಬೈಗುಳಕ್ಕಿಂತ ಹೆಚ್ಚು ತೂಕವಿರುತ್ತಿತ್ತು. ಇಂದಿನ ರೇಟಿಂಗ್ ವ್ಯವಸ್ಥೆಯಲ್ಲಿ ಕಳೆದುಹೋಗಿರುವುದು ಈ ತೂಕ. ಹತ್ತು ವರ್ಷ ವ್ಯವಹರಿಸಿದವರ ಸ್ಟಾರೂ, ಒಮ್ಮೆ ಬಂದು ಜಗಳವಾಡಿ ಹೋದವರ ಸ್ಟಾರೂ ಸರಾಸರಿಯಲ್ಲಿ ಒಂದೇ.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಆ ಗದ್ದಿಗೆಯ ಮಾತುಗಳು ಜಾತಿ, ನೆಂಟಸ್ತಿಕೆ, ಮಠಗಳ ಸಂಪರ್ಕದ ದಾರಿಯಲ್ಲೇ ಹರಿಯುತ್ತಿದ್ದವು. ನನ್ನೊಂದಿಗೆ ಪರೀಕ್ಷೆ ಮುಗಿಸಿದ, ನನಗಿಂತ ಜಾಣೆಯಾದ ಗೆಳತಿಯೊಬ್ಬರಿಗೆ ಸ್ವಂತ ಕಚೇರಿ ತೆರೆದ ಮೊದಲ ಮೂರು ವರ್ಷ ಕೆಲಸವೇ ಸಿಗಲಿಲ್ಲ. ಹೊರಗಿನಿಂದ ಬಂದ ಹೆಣ್ಣುಮಗಳ ಹೆಸರನ್ನು ಆ ಗದ್ದಿಗೆಗಳಲ್ಲಿ ಎತ್ತುವವರಿರಲಿಲ್ಲ. ಇಂದು ಅವರ ಕಕ್ಷಿದಾರರಲ್ಲಿ ಅರ್ಧದಷ್ಟು ಮಂದಿ ಫೋನಿನಲ್ಲಿ ಹುಡುಕಿಕೊಂಡು ಬಂದವರು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕಲ್ ಲೂಕಾ 2011ರಲ್ಲಿ ಪ್ರಕಟಿಸಿದ, ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಅಧ್ಯಯನದಲ್ಲಿ, ಗ್ರಾಹಕರು ವಿಮರ್ಶೆ ಬರೆಯುವ ಯೆಲ್ಪ್ ತಾಣದಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಎಂದು ಕಂಡುಬಂದಿತ್ತು. ಆ ಪರಿಣಾಮ ಕಾಣಿಸಿದ್ದು ಸ್ವತಂತ್ರ ಹೋಟೆಲುಗಳಲ್ಲಿ. ಮೊದಲೇ ಹೆಸರಿದ್ದ ದೊಡ್ಡ ಸರಣಿ ಹೋಟೆಲುಗಳಲ್ಲಿ ಅಲ್ಲ. ನನ್ನ ಗೆಳತಿಯ ಕಥೆಗೂ ಇದಕ್ಕೂ ದೂರವಿಲ್ಲ.

ಇಷ್ಟು ಹಣ ಒಂದು ಸ್ಟಾರಿನ ಮೇಲೆ ನಿಂತಿರುವಾಗ ಅದನ್ನು ಮಾರುವವರೂ ಹುಟ್ಟಿಕೊಳ್ಳುತ್ತಾರೆ. 2017ರಲ್ಲಿ ಊಬಾ ಬಟ್ಲರ್ ಎಂಬ ಪತ್ರಕರ್ತ ಲಂಡನ್ನಿನ ತನ್ನ ಹಿತ್ತಿಲಿನ ಶೆಡ್ಡನ್ನು, ಒಂದು ತಟ್ಟೆ ಊಟವನ್ನೂ ಬಡಿಸದೆ, ಬರಿಯ ಸುಳ್ಳು ವಿಮರ್ಶೆಗಳಿಂದಲೇ ಟ್ರಿಪ್‌ಅಡ್ವೈಸರ್ ಎಂಬ ವಿಮರ್ಶೆಯ ತಾಣದಲ್ಲಿ ಆ ನಗರದ ಮೊದಲ ಸ್ಥಾನದ ಹೋಟೆಲಾಗಿ ಮಾಡಿ ತೋರಿಸಿದ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿ ಐಎಸ್ 19000 ಎಂಬ ಮಾನದಂಡವನ್ನು ತಂದಿತು. ವಿಮರ್ಶೆ ಬರೆದವರು ನಿಜವಾದ ವ್ಯಕ್ತಿಯೇ ಎಂದು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎಂದೆಲ್ಲ ಅದರಲ್ಲಿದೆ. ಆದರೆ ಅದನ್ನು ತಂದದ್ದು ಐಚ್ಛಿಕ ಮಾನದಂಡವಾಗಿ. ಐಚ್ಛಿಕವಾದದ್ದು ನಮ್ಮಲ್ಲಿ ಹೇಗೆ ಪಾಲನೆಯಾಗುತ್ತದೆ ಎಂಬುದನ್ನು ರಿಟರ್ನ್ ಸಲ್ಲಿಸುವ ನಾನು ವಿವರಿಸಬೇಕಾಗಿಲ್ಲ.

ದೊಡ್ಡ ಕಂಪನಿಗಳ ಪಾಡು ಬೇರೆ. ಅವುಗಳಿಗೆ ಉತ್ತರಿಸುವ ಸ್ವಾತಂತ್ರ್ಯವಿದೆ, ಆದರೆ ಉತ್ತರದಲ್ಲೇ ಅವು ಎಡವುತ್ತವೆ. 2023ರ ಏಪ್ರಿಲ್‌ನಲ್ಲಿ ಸಾಮಾಜಿಕ ಜಾಲತಾಣದಲ್ಲಿ ಆಹಾರದ ಬಗ್ಗೆ ಮಾತನಾಡುವ ರೇವಂತ್ ಹಿಮತ್‌ಸಿಂಗ್ಕಾ ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಬಗ್ಗೆ ವಿಡಿಯೊ ಮಾಡಿದಾಗ ಕಂಪನಿ ಲೀಗಲ್ ನೋಟಿಸ್ ಕಳಿಸಿತು. ಅವರು ವಿಡಿಯೊ ತೆಗೆದು ಕ್ಷಮೆ ಕೇಳಿದರು. ನನ್ನ ಅಭಿಪ್ರಾಯದಲ್ಲಿ ವಿಡಿಯೊಗಿಂತ ಆ ನೋಟಿಸೇ ಹೆಚ್ಚು ಸುದ್ದಿಯಾಯಿತು. ಅದೇ ವರ್ಷದ ಕೊನೆಗೆ ಕಂಪನಿ ಸಕ್ಕರೆಯ ಪ್ರಮಾಣವನ್ನು ಇಳಿಸಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂತಹ ಪೇಯಗಳನ್ನು ಹೆಲ್ತ್ ಡ್ರಿಂಕ್ ಪಟ್ಟಿಯಿಂದ ತೆಗೆಯುವಂತೆ ಇ-ಕಾಮರ್ಸ್ ತಾಣಗಳಿಗೆ ಸೂಚಿಸಿತು. ಒಬ್ಬರ ಮಾತಿಗೆ ಇಂತಹ ಬಲ ಬಂದಿರುವುದು ನನಗೆ ಸಂತೋಷದ ವಿಷಯವೇ. ಅಲ್ಲಿ ಮಾತನಾಡಿದವರ ಹೆಸರು, ಮುಖ ಎರಡೂ ಕಾಣಿಸುತ್ತಿದ್ದವು, ಡಬ್ಬಿಯ ಮೇಲಿನ ಅಂಕಿಗಳನ್ನು ಯಾರು ಬೇಕಾದರೂ ತಾಳೆ ನೋಡಬಹುದಿತ್ತು. ನನ್ನ ಎರಡು ವಾಕ್ಯದ ವಿಮರ್ಶಕರ ಬಳಿ ತಾಳೆ ನೋಡಲು ಏನಿದೆ?

2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ವಕೀಲರನ್ನು ಪಟ್ಟಿಮಾಡಿ ರೇಟಿಂಗ್ ಕೊಡುವ ತಾಣಗಳ ವಿರುದ್ಧ ಕಟುವಾಗಿ ಬರೆಯಿತು. ವಕೀಲಿಕೆ ವ್ಯಾಪಾರವಲ್ಲ ಎಂಬುದು ಅದರ ನಿಲುವು. ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅನೇಕರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಕೆಟ್ಟ ಸೇವೆ ಪಡೆದ ಕಕ್ಷಿದಾರನಿಗೆ ನಮ್ಮಂಥವರ ಮೇಲಿನ ದೂರು ಕೇಳುವ ಶಿಸ್ತು ಸಮಿತಿಯೊಂದಿದೆ ಎಂಬುದೇ ತಿಳಿದಿರುವುದಿಲ್ಲ. ಅವನ ಕೈಗೆ ಎಟಕುವುದು ಫೋನು ಮಾತ್ರ. ನಾವು ಉದಾತ್ತ ವೃತ್ತಿಯವರು ಎಂದುಕೊಂಡು ಆ ಫೋನನ್ನೂ ಕಿತ್ತುಕೊಳ್ಳುವುದು ನ್ಯಾಯವಲ್ಲ. ನಾನು ಕೇಳುವುದು ಬಹಳ ಸಣ್ಣದು: ದೂರುವವರು ಪೂರ್ಣ ಹೆಸರಿನಲ್ಲಿ ದೂರಲಿ, ಮತ್ತು ಹಾಗೆ ಬಹಿರಂಗವಾಗಿ ದೂರಿದ ಕಕ್ಷಿದಾರನಿಗೆ ಅಷ್ಟೇ ವಿಷಯದ ಮಟ್ಟಿಗೆ ಉತ್ತರಿಸಲು ನಮ್ಮ ನಿಯಮಗಳು ಅವಕಾಶ ಕೊಡಲಿ.

ಆ ಸ್ಟಾರಿನ ಕೆಳಗೆ ಕೊನೆಗೆ ನಾನು ಬರೆದದ್ದು ಇಷ್ಟು: ನಿಮ್ಮ ಅಸಮಾಧಾನ ತಿಳಿಯಿತು, ಬಿಡುವಾದಾಗ ಕಚೇರಿಗೆ ಬನ್ನಿ, ಕೂತು ಮಾತನಾಡೋಣ. ಜುಲೈ ತಿಂಗಳಲ್ಲಿ ಆತ ಬಂದ, ಮಾತನಾಡಲು ಅಲ್ಲ, ಆದಾಯ ತೆರಿಗೆ ರಿಟರ್ನ್ ಹಾಕಿಸಲು. ಸ್ಟಾರಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಇನ್ನೂ ಅಲ್ಲೇ ಇದೆ. ಬದಲಾಗಿರುವುದು ನಮ್ಮ ಕಚೇರಿಯ ರೀತಿ. ಈಗ ಪ್ರತಿ ತಿಂಗಳ 10ಕ್ಕೆ ಎಲ್ಲ ಕಕ್ಷಿದಾರರಿಗೂ ಬಿಲ್ಲು ಕಳಿಸಿ ಎಂಬ ಲಿಖಿತ ಸಂದೇಶ ಹೋಗುತ್ತದೆ, 15ಕ್ಕೆ ಮತ್ತೊಂದು, 18ಕ್ಕೆ ಇನ್ನೊಂದು. ನಮ್ಮ ಆರ್ಟಿಕಲ್ ಹುಡುಗಿ ಒಂದೊಂದರ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಹಾಕಿ, ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಡುತ್ತಾಳೆ. ಇವುಗಳನ್ನು ಯಾರಿಗೆ ತೋರಿಸುವುದು ಸರ್ ಎಂದು ಮೊನ್ನೆ ಕೇಳಿದಳು. ಯಾರಿಗೂ ತೋರಿಸುವಂತಿಲ್ಲಮ್ಮ, ಇಟ್ಟಿರು ಎಂದೆ.