ಅಲಾಸ್ಕಾದ ಬಾವಿ, ಏಪ್ರಿಲ್‌ನ ಗಡುವು

ಈ ಚಳಿಗಾಲದಲ್ಲಿ ಅಲಾಸ್ಕಾದಲ್ಲಿ ಬಾವಿ ಕೊರೆಯುತ್ತೇವೆ ಅಂತ ಸಣ್ಣ ಎಣ್ಣೆ ಕಂಪನಿಯೊಂದು ಪ್ರಕಟಣೆ ಹೊರಡಿಸಿದ ಕೂಡಲೇ ಷೇರುದಾರರ ಕಣ್ಣು ಹೋಗೋದು ಒಂದೇ ಅಂಕಿ ಮೇಲೆ: ಎಷ್ಟು ಕೋಟಿ ಬ್ಯಾರೆಲ್. ಇಡೀ ಪ್ರಕಟಣೆಯಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವ ಅಂಕಿಯೂ ಅದೇ. ಪರ್ತ್, ಲಂಡನ್ ಕಡೆ ಇರುವ ನಮ್ಮವರಲ್ಲಿ ಕೆಲವರು ಇಂಥ ಪೈಸೆ ಲೆಕ್ಕದ ಷೇರುಗಳನ್ನು ಹಿಡಿದಿರುತ್ತಾರೆ. ಇಲ್ಲಿಂದಲೂ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ ಯೋಜನೆ) ಮೂಲಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಹಾಗಾಗಿ ಬ್ಯಾರೆಲ್ ಪಕ್ಕಕ್ಕಿಟ್ಟು ಕ್ಯಾಲೆಂಡರ್ ಹಿಡಿದು ಇದನ್ನು ಓದೋದು ಹೇಗೆ ಅಂತ ಬರೆಯುತ್ತಿದ್ದೇನೆ.

ಜಾಗ ಅಲಾಸ್ಕಾದ ಉತ್ತರ ತುದಿಯ ನಾರ್ತ್ ಸ್ಲೋಪ್. 1968ರಲ್ಲಿ ಪ್ರೂಡೋ ಬೇಯಲ್ಲಿ ಎಣ್ಣೆ ಸಿಕ್ಕಿತು. 1977ರಿಂದ 800 ಮೈಲಿ ಉದ್ದದ ಪೈಪ್‌ಲೈನ್ ಅದನ್ನು ದಕ್ಷಿಣದ ವಾಲ್ಡೀಜ್ ಬಂದರಿಗೆ ಸಾಗಿಸುತ್ತಿದೆ. ಪೈಪ್‌ಲೈನ್ ಪಕ್ಕದ ಡಾಲ್ಟನ್ ಹೆದ್ದಾರಿ ಬಿಟ್ಟರೆ ಅಲ್ಲಿ ರಸ್ತೆ ಅಂತ ಹೇಳಿಕೊಳ್ಳುವಂಥದ್ದು ಕಡಿಮೆ. ಟಂಡ್ರಾ ಅಂತ ಕರೆಯುವ ಅಲ್ಲಿನ ಮರವಿಲ್ಲದ ನೆಲ ಬೇಸಿಗೆಯಲ್ಲಿ ಕೆಸರು ಮತ್ತು ಪಾಚಿ; ಲಾರಿ ಇಳಿಸಿದರೆ ಗಾಲಿಯ ಗುರುತು ಹತ್ತಾರು ವರ್ಷ ಅಳಿಸೋದಿಲ್ಲ. ನಮ್ಮಲ್ಲಿ ಬಿತ್ತನೆಗೆ ಹದ ಕಾಯುವ ಹಾಗೆ ಅಲ್ಲಿ ಕೊರೆಯುವವರೂ ಹದ ಕಾಯುತ್ತಾರೆ. ಅವರದ್ದು ಉಲ್ಟಾ ಹದ, ನೆಲ ಕಲ್ಲಾಗಬೇಕು. ರಾಜ್ಯ ಸರ್ಕಾರದ ಜಮೀನಿನಲ್ಲಿ ಅಳತೆ ಹೀಗಿದೆ: 30 ಸೆಂಟಿಮೀಟರ್ ಆಳದಲ್ಲಿ ಮಣ್ಣಿನ ಉಷ್ಣತೆ ಮೈನಸ್ 5 ಡಿಗ್ರಿಗೆ ಇಳಿದಿರಬೇಕು. ಮೇಲೆ ಕರಾವಳಿ ಬಯಲಿನಲ್ಲಿ 6 ಇಂಚು, ಬೆಟ್ಟದ ತಪ್ಪಲಿನಲ್ಲಿ 9 ಇಂಚು ಹಿಮ ಇರಬೇಕು. ಎರಡೂ ಕೂಡಿಬಂದ ಮೇಲೆಯೇ ‘ಟಂಡ್ರಾ ತೆರೆದಿದೆ’, ಅಂದರೆ ವಾಹನ ಇಳಿಸಬಹುದು, ಅಂತ ಇಲಾಖೆ ಹೇಳೋದು. 1970ರ ಸುಮಾರಿಗೆ ವರ್ಷಕ್ಕೆ 200 ದಿನಕ್ಕೂ ಹೆಚ್ಚು ಸಿಗುತ್ತಿದ್ದ ಈ ಅವಧಿ, 2000ದ ದಶಕದ ಶುರುವಿನ ಹೊತ್ತಿಗೆ ಸುಮಾರು 100 ದಿನಕ್ಕೆ ಇಳಿದಿತ್ತು. ಭೂಮಿ ಬಿಸಿಯಾಗಿ ಎಣ್ಣೆ ಹುಡುಕುವವರಿಗೇ ದಿನ ಸಾಲದಾಗಿದ್ದು ವಿಧಿಯ ತಮಾಷೆ ಅನ್ನಬೇಕು.

ಕಂಪನಿಯ ಪ್ರಕಟಣೆಯಲ್ಲಿ ‘ಪ್ರೀ-ಪ್ಯಾಕಿಂಗ್ ಶುರುವಾಗಿದೆ’ ಎಂಬ ಸಾಲಿದೆಯೇ ಅಂತ ಮೊದಲು ನೋಡಿ. ಹಿಮಕ್ಕೆ ಕಂಬಳಿಯ ಗುಣ ಇದೆ. ಸಡಿಲವಾಗಿ ಬಿದ್ದಿದ್ದರೆ ಕೆಳಗಿನ ಮಣ್ಣಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆಲದ ಮೇಲೆ ಭಾರ ಬೀಳದಂಥ ಅಗಲ ಗಾಲಿಯ ವಾಹನಗಳನ್ನು ಓಡಿಸಿ ಹಿಮವನ್ನು ತುಳಿದು ಗಟ್ಟಿ ಮಾಡಿದರೆ ಚಳಿ ಬೇಗ ಒಳಕ್ಕಿಳಿಯುತ್ತದೆ. ಈ ಕೆಲಸ ಮುಗಿಸಿಕೊಂಡವರಿಗೆ ರಸ್ತೆ ಕೆಲಸದಲ್ಲಿ ದಿನಗಳು ಉಳಿಯುತ್ತವೆ.

ಆಮೇಲೆ ಐಸ್ ರೋಡ್, ಅಂದರೆ ಮಂಜುಗಡ್ಡೆಯಿಂದಲೇ ಕಟ್ಟುವ ರಸ್ತೆ. ಕನಿಷ್ಠ 6 ಇಂಚು ದಪ್ಪ, ಸುಮಾರು 35 ಅಡಿ ಅಗಲ. ಒಂದು ಮೈಲಿಗೆ ಹತ್ತಿರ ಹತ್ತಿರ 10 ಲಕ್ಷ ಗ್ಯಾಲನ್ ನೀರು ಬೇಕು, ಅಂದರೆ ಸುಮಾರು 38 ಲಕ್ಷ ಲೀಟರ್. ಬೆಂಗಳೂರಿನ 12,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 300ಕ್ಕೂ ಹೆಚ್ಚು ಲೋಡು, ಅದೂ ಬರೀ ಒಂದು ಮೈಲಿಗೆ! ನೀರು ಅಕ್ಕಪಕ್ಕದ ಕೆರೆಗಳಿಂದಲೇ ಬರಬೇಕು. ಅದಕ್ಕೂ ಮಿತಿ ಇದೆ. ಸೂಕ್ಷ್ಮ ಜಾತಿಯ ಮೀನಿರುವ ಆಳದ ಕೆರೆಯಲ್ಲಿ ಮಂಜುಗಡ್ಡೆಯ ಕೆಳಗೆ ಉಳಿದ ನೀರಿನ 15% ಮಾತ್ರ ಎತ್ತಬಹುದು. ಗಟ್ಟಿ ಜೀವದ ಮೀನಷ್ಟೇ ಇದ್ದರೆ 30%. ಮೀನು ಮರಿ ಒಳಗೆ ಎಳೆದುಕೊಳ್ಳದ ಹಾಗೆ ಪಂಪಿನ ಬಾಯಿಗೆ ಜಾಲರಿ ಕಡ್ಡಾಯ. ನೀರು ಸುರಿದು ಹೆಪ್ಪುಗಟ್ಟಲು ಕಾಯುತ್ತಾ ಕೂತರೆ ದಿನ ಹೋಗುತ್ತವೆ ಅಂತ, ಕೆರೆಯ ಮೇಲಿನ ಮಂಜುಗಡ್ಡೆಯನ್ನೇ ಕೆರೆದು ಚೂರು ಮಾಡಿ, ಜಲ್ಲಿ ಹರಡಿದ ಹಾಗೆ ಹರಡಿ ನೀರು ಹಾಯಿಸುತ್ತಾರೆ. ಕೊನೆಗೆ ರಿಗ್ ನಿಲ್ಲಿಸಲು ಇನ್ನೂ ದಪ್ಪದ ಐಸ್ ಪ್ಯಾಡ್ ಬೇಕು. ಪ್ಯಾಡ್ ಮೇಲೆ ನಿಂತ ಪ್ರತಿ ವಾಹನದ ಅಡಿಗೂ ಒಂದು ತಟ್ಟೆಯಂಥದ್ದು ಇಟ್ಟಿರುತ್ತಾರೆ, ಎಂಜಿನ್‌ನಿಂದ ಒಂದು ಹನಿ ಎಣ್ಣೆಯೂ ಹಿಮಕ್ಕೆ ಬೀಳದಂತೆ. ಅಲ್ಲಿನ ಕೆಲಸಗಾರರ ಬಾಯಲ್ಲಿ ಅದಕ್ಕೆ ‘ಡಕ್ ಪಾಂಡ್’ ಅಂತ ಹೆಸರು, ಬಾತುಕೋಳಿ ಕೊಳ. ಕೋಟಿಗಟ್ಟಲೆ ಬ್ಯಾರೆಲ್ ಹುಡುಕಲು ಹೋದವರು ಹನಿಗೆ ತಟ್ಟೆ ಹಿಡಿಯಬೇಕು!

ಅನುಮತಿಗಳ ವಿಷಯದಲ್ಲಿ ಜನ ‘ಪರ್ಮಿಟ್ ಟು ಡ್ರಿಲ್’ ಬಂತು ಅಂತ ಕುಣಿಯುತ್ತಾರೆ. ಅದು ಅಲಾಸ್ಕಾ ಆಯಿಲ್ ಅಂಡ್ ಗ್ಯಾಸ್ ಕನ್ಸರ್ವೇಷನ್ ಕಮಿಷನ್ ಕೊಡುವ ಬಾವಿಯ ವಿನ್ಯಾಸದ ಒಪ್ಪಿಗೆ ಅಷ್ಟೇ. ‘ನಾರ್ತ್ ಸ್ಲೋಪ್ ಬರೋ’ ಎಂಬ ಸ್ಥಳೀಯ ಆಡಳಿತ, ಮೀನುಗಾರಿಕೆ ಇಲಾಖೆ, ಎಣ್ಣೆ ಸೋರಿದರೆ ಏನು ಮಾಡುತ್ತೀರಿ ಎಂಬ ಯೋಜನೆ, ಕೇಂದ್ರದ ಜಮೀನಾದರೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಇವೆಲ್ಲ ಬೇರೆ. ಹಿಮಕರಡಿ ಗುಹೆ ಇದೆಯಾ ಅಂತ ಶಾಖ ಗುರುತಿಸುವ ಕ್ಯಾಮೆರಾ ಹಿಡಿದು ಆಕಾಶದಿಂದ ಹುಡುಕುತ್ತಾರೆ. ಸಿಕ್ಕಿತೋ, ಅದರ ಸುತ್ತ ಒಂದು ಮೈಲಿ ಯಾರೂ ಕಾಲಿಡುವಂತಿಲ್ಲ. ರಸ್ತೆ ಸುತ್ತು ಹಾಕಬೇಕು, ಮೈಲಿ ಹೆಚ್ಚಬೇಕು, ನೀರಿನ ಲೆಕ್ಕ ಮೊದಲಿಂದ.

ಸಮುದ್ರದಲ್ಲಾದರೆ ಇದೇ ಆಟದ ಬೇರೆ ರೂಪ. 2015ರಲ್ಲಿ ಅಲಾಸ್ಕಾದ ವಾಯವ್ಯಕ್ಕಿರುವ ಚುಕ್ಚಿ ಸಮುದ್ರದಲ್ಲಿ ಶೆಲ್ ಕಂಪನಿಗೆ ಮೊದಲು ಸಿಕ್ಕ ಅನುಮತಿ ಬಾವಿಯ ಮೇಲ್ಭಾಗಕ್ಕೆ ಮಾತ್ರ. ಬಾವಿ ಕೈಮೀರಿದರೆ ಮುಚ್ಚುವ ಕ್ಯಾಪಿಂಗ್ ಸ್ಟ್ಯಾಕ್ ಇದ್ದದ್ದು ಫೆನಿಕಾ ಎಂಬ ಹಡಗಿನಲ್ಲಿ. ಆ ಹಡಗಿನ ತಳ ಸೀಳಿ, ರಿಪೇರಿಗೆ ಪೋರ್ಟ್‌ಲೆಂಡ್‌ವರೆಗೆ ಹೋಗಿ ಬರಬೇಕಾಯಿತು. ಅದು ವಾಪಸ್ ಬರುವ ತನಕ ಎಣ್ಣೆ ಇರುವ ಪದರದ ಕಡೆ ಇಳಿಯುವಂತಿರಲಿಲ್ಲ. ಕಡೆಗೆ 6,800 ಅಡಿ ಕೊರೆದು, ಸಿಕ್ಕಿದ್ದು ಸಾಲದು ಅಂತ ಸೆಪ್ಟೆಂಬರ್ 28ಕ್ಕೆ ಕೈಬಿಟ್ಟರು. ಅಷ್ಟೊತ್ತಿಗೆ ಆ ಇಡೀ ಸಾಹಸಕ್ಕೆ ಆದ ಖರ್ಚು ಸುಮಾರು 700 ಕೋಟಿ ಡಾಲರ್. ನಮಗೆ ಬಾಡ್‌ಮೇರ್‌ನ ಎಣ್ಣೆಯಿಂದ ಪರಿಚಯವಾದ ಕೇರ್ನ್ ಎನರ್ಜಿ ಕೂಡ 2010 ಮತ್ತು 2011ರಲ್ಲಿ ಗ್ರೀನ್‌ಲ್ಯಾಂಡ್ ಪಶ್ಚಿಮದಲ್ಲಿ, ಹಿಮಬಂಡೆಗಳನ್ನು ಹಡಗಿನಿಂದ ಹಗ್ಗ ಕಟ್ಟಿ ಎಳೆದು ಪಕ್ಕಕ್ಕೆ ಸರಿಸುತ್ತಾ 8 ಬಾವಿ ಕೊರೆಯಿತು. ವ್ಯಾಪಾರಕ್ಕೆ ಒದಗುವಷ್ಟು ಎಣ್ಣೆ ಒಂದರಲ್ಲೂ ಸಿಗಲಿಲ್ಲ. (ಇಲ್ಲಿನ ಷೇರುದಾರರ ಕೈಯಲ್ಲಿದ್ದದ್ದು ಕೇರ್ನ್ ಇಂಡಿಯಾ, ಅದು ಬೇರೆ ಕಂಪನಿ.)

ಮತ್ತೆ ಟಂಡ್ರಾಗೆ ಬರೋಣ. ಬೋರ್‌ವೆಲ್ ಹಾಕಿಸಿದವರಿಗೆ ಕೇಸಿಂಗ್ ಗೊತ್ತಿರುತ್ತೆ, ಮೇಲಿನ ಸಡಿಲ ಮಣ್ಣು ಕುಸಿಯದಂತೆ ಗಟ್ಟಿ ಬಂಡೆ ಸಿಗುವವರೆಗೆ ಇಳಿಸುವ ಪೈಪು. ಅಲ್ಲಿ ಕುಸಿಯೋದು ಕರಗುವ ನೆಲ. ಪ್ರೂಡೋ ಬೇ ಸುತ್ತ ಸುಮಾರು 2,000 ಅಡಿವರೆಗೂ ನೆಲ ಹೆಪ್ಪುಗಟ್ಟಿದೆ. ಕೊರೆಯುವಾಗ ಬಾವಿಯೊಳಗೆ ಹರಿಸುವ ‘ಮಡ್’ ಎಂಬ ಕೆಸರಿನಂಥ ದ್ರವ ಬೆಚ್ಚಗಿದ್ದರೆ ಗೋಡೆ ಕರಗಿ ರಂಧ್ರ ಗುಹೆಯಾಗುತ್ತದೆ. ಆಗ ಸಿಮೆಂಟು ಹಿಡಿಯೋದಿಲ್ಲ. ಆದ್ದರಿಂದ ಮಡ್ಡನ್ನು ತಣ್ಣಗಿಡುತ್ತಾರೆ, ಚಳಿಯಲ್ಲೂ ಗಟ್ಟಿಯಾಗುವ, ಹೆಚ್ಚು ಬಿಸಿ ಹುಟ್ಟಿಸದ ವಿಶೇಷ ಸಿಮೆಂಟು ಹಾಕುತ್ತಾರೆ. ‘ಸರ್ಫೇಸ್ ಕೇಸಿಂಗ್ ಇಳಿಸಿ ಸಿಮೆಂಟ್ ಆಗಿದೆ, ಬಿಓಪಿ ಪರೀಕ್ಷೆ ಪಾಸಾಗಿದೆ’ ಎಂಬ ಒಣ ಸಾಲಿಗೆ ಷೇರು ಅಲ್ಲಾಡೋದಿಲ್ಲ. (ಬಿಓಪಿ ಅಂದರೆ ಒಳಗಿನ ಒತ್ತಡ ಉಕ್ಕಿದರೆ ಬಾವಿಯ ಬಾಯಿ ಮುಚ್ಚುವ ಕವಾಟ.) ನನಗೆ ಮಾತ್ರ ‘ಸ್ಪಡ್ ಆಯಿತು’ (ಕೊರೆಯಲು ಶುರು ಮಾಡಿದೆವು) ಎಂಬ ಸಾಲಿಗಿಂತ ಅದೇ ದೊಡ್ಡ ಸುದ್ದಿ. ನಡುವೆ ಬಿರುಗಾಳಿ ಬಂದರೆ ರಸ್ತೆಗೆ ‘ಫೇಸ್ 2’, ಗುಂಪಾಗಿ ಮಾತ್ರ ಓಡಾಟ. ‘ಫೇಸ್ 3’ ಆದರೆ ತುರ್ತು ಬಿಟ್ಟು ಎಲ್ಲಾ ಬಂದ್. ಒಂದೊಂದು ಬಿರುಗಾಳಿಯೂ ಏಪ್ರಿಲ್‌ನಿಂದ ಎರಡು ಮೂರು ದಿನ ಕಿತ್ತುಕೊಳ್ಳುತ್ತದೆ.

ಈಗ ದಿನಗಳನ್ನು ಕೂಡಿ. ಡಿಸೆಂಬರ್ ಕೊನೆಗೋ ಜನವರಿಗೋ ನೆಲ ತೆರೆಯಿತು ಅನ್ನಿ. ದೂರದ ಬಾವಿಯಾದರೆ ರಸ್ತೆ, ಪ್ಯಾಡಿಗೆ ಆರು ವಾರ. ರಿಗ್ ಬಿಚ್ಚಿ ಸಾಗಿಸಿ ಜೋಡಿಸಲು ಎರಡು ವಾರ. ಅಲ್ಲಿಗೆ ಮಾರ್ಚ್ ಬಂತು. ಐದಾರು ಸಾವಿರ ಅಡಿ ಕೊರೆಯಲು ಎರಡು ಮೂರು ವಾರ, ಬಾವಿಯೊಳಗೆ ಉಪಕರಣ ಇಳಿಸಿ ಬಂಡೆಯನ್ನು ಅಳೆಯುವ ಲಾಗಿಂಗ್‌ಗೆ ಒಂದು ವಾರ. ಏಪ್ರಿಲ್ ಕೊನೆಯ ಹೊತ್ತಿಗೆ ರಿಗ್ ವಾಪಸ್ ರಸ್ತೆ ಸೇರಿರಬೇಕು, ಇಲ್ಲದಿದ್ದರೆ ಕೆಸರಲ್ಲಿ ಸಿಕ್ಕಿಬೀಳುತ್ತದೆ. ಎಣ್ಣೆ ನಿಜಕ್ಕೂ ಹರಿದು ಬರುತ್ತದಾ ಅಂತ ನೋಡುವ ಫ್ಲೋ ಟೆಸ್ಟ್‌ಗೆ ಇನ್ನೂ ಮೂರು ನಾಲ್ಕು ವಾರ ಬೇಕು. ಎಲ್ಲಿಂದ ತರುತ್ತೀರಿ? ಮಾರ್ಚ್ ಎರಡನೇ ವಾರದಲ್ಲಿ ಸ್ಪಡ್ ಆದ ಬಾವಿಗೆ ಆ ವರ್ಷ ಫ್ಲೋ ಟೆಸ್ಟ್ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆಸ್ಟ್ರೇಲಿಯಾ ಮತ್ತು ಲಂಡನ್ ಎರಡೂ ಕಡೆ ಪಟ್ಟಿಯಾಗಿರುವ 88 ಎನರ್ಜಿಯ ಇತಿಹಾಸ ಇದಕ್ಕೆ ಸಾಕ್ಷಿ. 2021ರ ಮಾರ್ಚ್‌ನಲ್ಲಿ ಮರ್ಲಿನ್-1 ಕೊರೆದರು; ಮುಂಚೆ ಹೇಳಿದ್ದು 64.5 ಕೋಟಿ ಬ್ಯಾರೆಲ್. ಲಾಗ್‌ಗಳಲ್ಲಿ ಎಣ್ಣೆಯ ಸುಳಿವು ಸಿಕ್ಕಿತು, ಫ್ಲೋ ಟೆಸ್ಟ್ ಆಗಲಿಲ್ಲ. ಅಷ್ಟರಲ್ಲಿ ಷೇರು ಹಲವು ಪಟ್ಟು ಏರಿ, ಗಳಿಸಿದ್ದರ ಬಹುಪಾಲು ಕಳೆದುಕೊಂಡಿತ್ತು. 2022ರ ಮರ್ಲಿನ್-2ರಲ್ಲಿ ಬಂಡೆಯ ಗುಣವೇ ಸಾಲದು ಅಂತ ಟೆಸ್ಟ್ ಕೈಬಿಟ್ಟರು. 2023ರ ಹಿಕರಿ-1 ಡಾಲ್ಟನ್ ಹೆದ್ದಾರಿಯ ಬದಿಯಲ್ಲೇ ಇತ್ತು, ಉದ್ದದ ಐಸ್ ರೋಡಿನ ತಲೆನೋವೇ ಇರಲಿಲ್ಲ. ಆದರೂ 10,650 ಅಡಿ ಕೊರೆದು ಮುಚ್ಚಿಟ್ಟು, ಟೆಸ್ಟ್ ಮಾಡಿದ್ದು 2024ರ ಚಳಿಗಾಲದಲ್ಲಿ. ಬಂದದ್ದು ಗರಿಷ್ಠ ದಿನಕ್ಕೆ ಸುಮಾರು 70 ಬ್ಯಾರೆಲ್ ಹಗುರ ಎಣ್ಣೆ.

ಬೋರ್ ಹಾಕಿಸುವಾಗ ತೇವದ ಪುಡಿ ಹಾರಿದ ಕೂಡಲೇ ‘ನೀರು ಬಂತು’ ಅಂತ ತೆಂಗಿನಕಾಯಿ ಒಡೆಯುವವರು ಇರುತ್ತಾರಲ್ಲ, ಮಡ್‌ನಲ್ಲಿ ಗ್ಯಾಸ್ ಕಂಡಿತು ಎಂಬ ಪ್ರಕಟಣೆಗೆ ಷೇರು ಕೊಳ್ಳೋದೂ ಅದೇ ಜಾತಿಯದ್ದು. ಎಣ್ಣೆ ಇರೋದು ಬೇರೆ, ಬಂಡೆಯ ಸಂದಿಯಿಂದ ಅದು ಹರಿದು ಬರೋದು ಬೇರೆ. ಮೊದಲಿನದಕ್ಕೆ ಲಾಗ್ ಸಾಕು. ಎರಡನೆಯದಕ್ಕೆ ಫ್ಲೋ ಟೆಸ್ಟೇ ಬೇಕು, ಅಂದರೆ ದಿನಗಳು ಬೇಕು. ಟೆಸ್ಟ್ ನಡೆದಾಗಲೂ, ಎಣ್ಣೆಗೆ ದಾರಿ ಮಾಡಲು ನೀರಿನ ಒತ್ತಡದಿಂದ ಬಂಡೆ ಸೀಳಿದ್ದರೆ ಮೊದಲು ವಾಪಸ್ ಬರೋದು ಅವರೇ ಒಳಗೆ ತುಂಬಿದ ನೀರು. ತುಂಬಿದ್ದರಲ್ಲಿ ಎಷ್ಟು ಪಾಲು ವಾಪಸ್ ಬಂತು, ಎಣ್ಣೆ ಎಷ್ಟು ಗಂಟೆ ಸತತ ಹರಿಯಿತು, ತಾನಾಗಿ ಬಂತೋ ನೈಟ್ರೋಜನ್ ಊದಿ ಎತ್ತಿದರೋ, ಇಷ್ಟು ಹೇಳದೆ ಬರೀ ‘ಗರಿಷ್ಠ ದರ’ ಕೊಟ್ಟರೆ ಅದು ಅರ್ಧ ಸುದ್ದಿ. ಅಡ್ಡ ಕೊರೆದ ಬಾವಿಯಲ್ಲಿ ಇದರ ಹಲವು ಪಟ್ಟು ಬರುತ್ತೆ ಎಂಬ ಗುಣಾಕಾರ, ಅಡ್ಡ ಬಾವಿ ಕೊರೆಯುವ ತನಕ ಕಾಗದದ ಮೇಲಿನದ್ದೇ.

ದುಡ್ಡಿನ ಕಡೆಯ ಸುಳಿವು ಆಸ್ಟ್ರೇಲಿಯಾದ ‘ಅಪೆಂಡಿಕ್ಸ್ 5ಬಿ’ ಎಂಬ ತ್ರೈಮಾಸಿಕ ವರದಿಯಲ್ಲಿ ಸಿಗುತ್ತದೆ. ಡಿಸೆಂಬರ್ ತ್ರೈಮಾಸಿಕದ್ದು ಜನವರಿ ಮುಗಿಯುವುದರೊಳಗೆ ಬರಬೇಕು, ಸರಿಯಾಗಿ ರಸ್ತೆ ಕಟ್ಟುವ ಹೊತ್ತಿಗೆ. ಅದರ 8ನೇ ಭಾಗಕ್ಕೆ ನೇರ ಹೋಗಿ: ಕೈಯಲ್ಲಿರುವ ಹಣ ಇನ್ನೆಷ್ಟು ತ್ರೈಮಾಸಿಕ ಬರುತ್ತದೆ ಅಂತ ಕಂಪನಿಯೇ ಬರೆದಿರುತ್ತದೆ. ಎರಡಕ್ಕಿಂತ ಕಡಿಮೆ ಇದ್ದರೆ ದುಡ್ಡು ಎಲ್ಲಿಂದ ತರುತ್ತೀರಿ ಎಂಬ ಪ್ರಶ್ನೆಗೂ ಅಲ್ಲೇ ಉತ್ತರ ಕೊಡಬೇಕು. ಸಾಮಾನ್ಯವಾಗಿ ಉತ್ತರ ಹೊಸ ಷೇರು, ಪೇಟೆ ಬೆಲೆಗಿಂತ ಕಡಿಮೆಗೆ, ಜೊತೆಗೊಂದಿಷ್ಟು ಆಪ್ಷನ್ (ಮುಂದೆ ನಿಗದಿ ಬೆಲೆಗೆ ಷೇರು ಕೊಳ್ಳುವ ಹಕ್ಕು). ಅದನ್ನು ಕೊಂಡ ದೊಡ್ಡ ಕೈಗಳು ಸ್ಪಡ್ ಸುದ್ದಿಗೆ ಬೆಲೆ ಏರಿದಾಗ ಷೇರು ಮಾರಿ, ಆಪ್ಷನ್ ಬಿಟ್ಟಿಯಾಗಿ ಉಳಿಸಿಕೊಳ್ಳುತ್ತವೆ. ಕೊಳ್ಳುವವರು ನಾವು. 2021ರ ಹೊತ್ತಿಗೆ 88 ಎನರ್ಜಿಯ ಷೇರು ಸಂಖ್ಯೆ ಸಾವಿರ ಕೋಟಿ ದಾಟಿತ್ತು. 64.5 ಕೋಟಿ ಬ್ಯಾರೆಲ್ಲನ್ನು, ಅದೂ ಇದ್ದರೆ, ಅಷ್ಟು ಷೇರಿಗೆ ಹಂಚಿ ನೋಡಿ. ಬೇರೆ ಕಂಪನಿ ಖರ್ಚು ಹೊರಲು ಬಂದಿದ್ದರೆ ವಾಸಿ. 88 ಎನರ್ಜಿಯ 2020ರ ಚಾರ್ಲಿ-1 ಬಾವಿಗೆ 2.3 ಕೋಟಿ ಡಾಲರ್‌ವರೆಗೆ ಹಾಕಲು ಬ್ರಿಟನ್ನಿನ ಪ್ರೀಮಿಯರ್ ಆಯಿಲ್ ಒಪ್ಪಿತ್ತು. ಆದರೆ ಫಲಿತಾಂಶ ನೋಡಿ ಮೊದಲು ಎದ್ದು ಹೋಗುವವರೂ ಅವರೇ, ಅಲ್ಲೂ ಹಾಗೇ ಆಯಿತು.

ಇನ್ನು ಮುಂದಿನ ಡಿಸೆಂಬರ್‌ನಲ್ಲಿ ಇಂಥ ಪ್ರಕಟಣೆ ಕಣ್ಣಿಗೆ ಬಿದ್ದರೆ ಕಮೆಂಟಿನಲ್ಲಿ ಹಾಕಿ. ಬಾವಿ ಹೆದ್ದಾರಿಯಿಂದ ಎಷ್ಟು ಮೈಲಿ, ಪ್ರೀ-ಪ್ಯಾಕಿಂಗ್ ಆಗಿದೆಯೋ ಇಲ್ಲವೋ, ಫ್ಲೋ ಟೆಸ್ಟ್‌ಗೆ ಎಷ್ಟು ದಿನ ಇಟ್ಟಿದ್ದಾರೆ ಅಂತ ಒಟ್ಟಿಗೆ ಕೂತು ಲೆಕ್ಕ ಹಾಕೋಣ. ‘ಟಾರ್ಗೆಟ್ ಎಷ್ಟು ಸಾರ್’ ಅಂತ ಮಾತ್ರ ಕೇಳಬೇಡಿ.