ಪ್ರಾತೋದಲ್ಲಿ ಅತ್ತೆಯ ಬಟ್ಟೆ ವ್ಯಾಪಾರ

ಇಟಲಿಯ ಫ್ಲಾರೆನ್ಸ್ ನೋಡಲು ಬಂದವರು ಪಕ್ಕದ ಪ್ರಾತೋ ಕಡೆ ತಲೆಹಾಕುವುದು ಕಡಿಮೆ. ಆದರೆ ಅದು ಬಟ್ಟೆ ನೇಯುವ ಊರು ಎಂಬ ಸುದ್ದಿ ನಮ್ಮತ್ತೆಯ ಕಿವಿಗೆ ಬಿದ್ದಿತ್ತು. "ಇಳಕಲ್ಲಿನ ಹತ್ತಿರ ಹೋಗಿ ಸೀರೆ ತರದೆ ಬರ್ತಾರೇನ್ರೀ ಯಾರಾದ್ರೂ?" ಎಂದು ಮಂಕಿ ಕ್ಯಾಪ್ ಏರಿಸಿಕೊಂಡು ರೈಲು ಹತ್ತೇಬಿಟ್ಟರು.

ಮೊದಲು ಸಿಕ್ಕಿದ್ದು ಹಸಿರು-ಬಿಳಿ ಪಟ್ಟೆಯ ಕಥೀಡ್ರಲ್. ಅದರ ಹೊರಮೂಲೆಗೆ ಬೀದಿಯತ್ತ ಚಾಚಿಕೊಂಡ ದುಂಡನೆಯ ಕಲ್ಲಿನ ವೇದಿಕೆಯೊಂದಿದೆ. ಶಿಲ್ಪಿಗಳಾದ ದೊನತೆಲ್ಲೊ ಮತ್ತು ಮಿಕೆಲೊತ್ಸೊ 1428ರಲ್ಲಿ ಒಪ್ಪಿಕೊಂಡು, ಊರವರನ್ನು ಸತಾಯಿಸಿ, 1438ರಲ್ಲಿ ಮುಗಿಸಿಕೊಟ್ಟದ್ದು. "ಥೇಟ್ ನನ್ನ ಬ್ಲೌಸ್ ಟೈಲರ್" ಎಂದರು ಅತ್ತೆ.

ವೇದಿಕೆ ಇರುವುದು ಒಂದು ತುಂಡು ಬಟ್ಟೆಗಾಗಿ. ಮೇರಿಮಾತೆ ಸ್ವರ್ಗಕ್ಕೇರುವಾಗ ಸಂತ ತೋಮನಿಗೆ ಕೊಟ್ಟಳೆನ್ನುವ ಉಣ್ಣೆಯ ಸೊಂಟಪಟ್ಟಿ ಅದು. ನಮ್ಮ ಮೈಲಾಪುರಕ್ಕೆ ಬಂದನೆನ್ನುವ ಅದೇ ತೋಮ! ಹನ್ನೆರಡನೇ ಶತಮಾನದಲ್ಲಿ ಮಿಕೆಲೆ ಎಂಬ ಇಲ್ಲಿನ ವ್ಯಾಪಾರಿ ಅದನ್ನು ಜೆರುಸಲೇಮಿನಿಂದ ತಂದನಂತೆ. ಕಳ್ಳರ ಭಯಕ್ಕೆ ಪೆಟ್ಟಿಗೆಯ ಮೇಲೇ ಮಲಗುತ್ತಿದ್ದ ಅವನನ್ನು ದೇವದೂತರು ರಾತ್ರಿ ಎತ್ತಿ ನೆಲಕ್ಕೆ ಮಲಗಿಸುತ್ತಿದ್ದರಂತೆ.

"ಮತ್ತೆ? ನನ್ನ ಧಾರೆ ಸೀರೆ ಟ್ರಂಕಿನ ಮೇಲೆ ಯಾರಾದ್ರೂ ಮಲಗಲಿ, ನಾನೇ ಎತ್ತಿ ಕೆಳಗೆ ಹಾಕ್ತೀನಿ."

ಆ ಪಟ್ಟಿಯನ್ನು ವೇದಿಕೆಯಿಂದ ಜನರಿಗೆ ತೋರಿಸುವುದು ವರ್ಷಕ್ಕೆ 5 ಸಲ. ಕ್ರಿಸ್‌ಮಸ್‌ಗೆ ತೋರಿಸಿ ಒಳಗಿಟ್ಟರೆ ಮತ್ತೆ ಈಸ್ಟರ್‌ಗೇ. ನಾವು ಹೋದದ್ದು ಡಿಸೆಂಬರ್ 27! ಬೀಗಕ್ಕೆ ಮೂರು ಕೀಲಿ; ಒಂದು ಬಿಷಪ್ಪರ ಹತ್ತಿರ, ಎರಡು ನಗರಸಭೆಯ ಹತ್ತಿರ. "ಮೇಯರ್‌ಗೆ ಒಂದು ಫೋನ್ ಮಾಡಿ ನೋಡಿ ಅಳಿಯಂದ್ರೇ" ಎಂಬ ಆಜ್ಞೆಯನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಗಡಿಗಳು ಮಧ್ಯಾಹ್ನದ ಊಟಕ್ಕೆ ಬಾಗಿಲೆಳೆದಿದ್ದವು. ಹಳೆಯ ಗಿರಣಿಯೊಂದರಲ್ಲಿರುವ ಜವಳಿ ಮ್ಯೂಸಿಯಂಗೆ ಹೋದೆವು. ಅಲ್ಲಿ ಅತ್ತೆಯ ಎರಡೂ ಕೈ ಹಿಡಿದುಕೊಂಡು ನಡೆಯುವುದೇ ನನ್ನ ಕೆಲಸವಾಯಿತು. ಸೆರಗು ಮುಟ್ಟದೆ ಸೀರೆಗೆ ಮಾರ್ಕ್ಸ್ ಕೊಟ್ಟ ಜೀವವಲ್ಲ ಅದು. ಪ್ರಾತೋದ ನಿಜವಾದ ಗುಟ್ಟು ಚಿಂದಿ. ದೇಶದೇಶಗಳ ಹಳೇ ಸ್ವೆಟರುಗಳನ್ನು ತರಿಸಿ, ಬಣ್ಣಬಣ್ಣವಾಗಿ ವಿಂಗಡಿಸಿ, ಹರಿದು ನಾರು ಮಾಡಿ, ಮತ್ತೆ ನೂಲುತ್ತಾರೆ. ಬಣ್ಣ ಮೊದಲೇ ಇರುವುದರಿಂದ ಮತ್ತೆ ಅದ್ದುವ ಖರ್ಚೂ ಉಳಿತಾಯ. ಚಿಂದಿ ಆರಿಸುವ 'ಚೆಂಚಾಯೋಲಿ'ಗಳು ಬೆರಳಲ್ಲಿ ಮುಟ್ಟಿಯೇ ಉಣ್ಣೆಯ ಜಾತಕ ಹೇಳುತ್ತಾರೆ.

ಸಂಜೆ ಅಂಗಡಿಯಲ್ಲಿ ಒಂದು ಕೋಟು ಅತ್ತೆಗೆ ಮನಸ್ಸಿಗೆ ಬಂತು. ಬೆಲೆ ಕೇಳಿ ಕೂತರು. ಹಳೇ ಸ್ವೆಟರಿನಿಂದಲೇ ಮಾಡಿದ್ದು ಎಂದು ತಿಳಿದದ್ದೇ ಎದ್ದು ನಿಂತರು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ತೆಗೆದುಕೊಂಡು ಪಳಗಿದ ಕೈ! ನನ್ನ ಸ್ವೆಟರಿನ ಕಾಲರ್ ಹಿಡಿದು ಗಲ್ಲಾದ ಮುಂದೆ ನಿಲ್ಲಿಸಿ, "ಇದನ್ನ ತಗೊಂಡು ಎಷ್ಟು ಬಿಡ್ತಾರೆ ಕೇಳಿ. ಊಟಿಯ ಪ್ಯೂರ್ ಉಲ್ಲನ್ ಅಂತ ಹೇಳಿ" ಎಂದರು.

ಮೂಲೆಯಲ್ಲಿದ್ದ ಮುದುಕನೊಬ್ಬ ಎದ್ದು ಬಂದು ನನ್ನ ತೋಳನ್ನು ಎರಡೇ ಬೆರಳಲ್ಲಿ ಉಜ್ಜಿದ. ಅವನ ಮುಖ ಹುಳ್ಳಗಾಯಿತು.

"ಅಕ್ರಿಲಿಕೊ."